ಒಂದು ಗಂಟೆಯ ಹುಲಿ

ದೂಮಪ್ಪ ಹುಲಿ ಬರೆಯುತ್ತಿದ್ದ. ಗುಂಡು ಕಣ್ಣು, ಕಿವಿಯವರೆಗೆ ನಗು, ಕೆಲಸಗಾರರ ನೀಲಿ ಕವರಾಲ್, ಹಳದಿ ಹೆಲ್ಮೆಟ್. ಗಲ್ಫಿನ ಅಲ್ ಹೈಲ್‌ನಲ್ಲಿ ನಾನೂ ಅವನೂ ಇದ್ದ ಫ್ಲ್ಯಾಟಿಗೆ ಬಂದವರು ಮೊದಲು ಗೋಡೆ ನೋಡಿ ನಗುತ್ತಿದ್ದರು, ಆಮೇಲೆ ಚಪ್ಪಲಿ ಬಿಡುತ್ತಿದ್ದರು. ಊರಲ್ಲಿ ನವರಾತ್ರಿಯ ಮರ್ನೆಮಿಗೆ ಹುಲಿವೇಷದವರ ಮೈಮೇಲೆ ಪಟ್ಟೆ ಎಳೆದ ಕೈ ಅದು. ಇಲ್ಲಿ ಒಂದು ಕಟ್ಟಡ ಕಂಪೆನಿಯಲ್ಲಿ ಎಚ್ಚರಿಕೆ ಬೋರ್ಡು ಬರೆಯುವ ಕೆಲಸ. ಹುಲಿ ಬರೆಯಲು ಶುಕ್ರವಾರ ಮಾತ್ರ ಬಿಡುವು.

ಪಕ್ಕದ ಅಲ್ ಮವಾಲೇಹ್‌ನ ಜ್ಯೂಸ್ ಅಂಗಡಿಯೊಂದರಲ್ಲಿ ಅವನ ಹುಲಿ ಮಾವಿನ ರಸ ಹೀರುತ್ತಾ ಕೂತಿದೆ. ಅದರ ಸೊಂಟಕ್ಕೊಂದು ಹಗ್ಗ; ಹಗ್ಗದ ತುದಿ ಚಿತ್ರದಿಂದಾಚೆ ಹೋಗಿದೆ. ಯಾರ ಕೈಯಲ್ಲಿದೆ ಎಂದು ನಾನೊಮ್ಮೆ ಕೇಳಿದೆ.

"ಕಫೀಲ್ ಇಲ್ಲದ ಹುಲಿ ಇಲ್ಲಿ ಉಂಟಾ ಫ್ರೆಡ್ಡಿ?" ಎಂದು ಅವನು ನಕ್ಕ. ವೀಸಾ ಕೊಡಿಸಿದ ಧಣಿಯೇ ಕಫೀಲ್; ಅವನು ಬಿಡದೆ ನಾವು ಅಲುಗುವಂತಿಲ್ಲ. ನನಗೆ ನಗು ಬರಲಿಲ್ಲ.

ಆಗಸ್ಟ್‌ನಲ್ಲಿ ಲಕ್ಷಿತ್ ಸತ್ತ. ಕಾರ್ಕಳ ಕಡೆಯವನು, ಅದೇ ಕಂಪೆನಿಯಲ್ಲಿ ಕಂಬಿ ಕಟ್ಟುತ್ತಿದ್ದ. ಕಾರ್ಮಿಕರ ಕ್ಯಾಂಪಿನ ಕತ್ತಲಲ್ಲೇ ಹೊರಡುವ ಮನುಷ್ಯ, ಒಂದು ಕಾಲಿಗೆ ಕೆಂಪು ಸಾಕ್ಸ್ ಹಾಕಿದರೆ ಇನ್ನೊಂದಕ್ಕೆ ಹಸಿರು. ವಿಡಿಯೋ ಕಾಲ್‌ನಲ್ಲಿ ಹೆಂಡತಿ ಸಮೀಕ್ಷಾ ಅದಕ್ಕೇ ಬೈಯುತ್ತಿದ್ದಳು. ಬೇಸಿಗೆಯ ನಡುಮಧ್ಯಾಹ್ನ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ಕಾನೂನಿದೆ. ಇವನನ್ನು ಒಂದು ಗಂಟೆಗೆ ತಾರಸಿಗೆ ಹತ್ತಿಸಿದ್ದರು. ಅಲ್ಲೇ ಬಿದ್ದ. ದೂಮಪ್ಪ ಕಣ್ಣಾರೆ ನೋಡಿದ.

ಕಂಪೆನಿ ಮಾತ್ರ, ರೂಮಿನಲ್ಲಿ ಮಲಗಿದ್ದಾಗ ಹೃದಯ ನಿಂತಿತು ಎಂದಿತು. ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಕುಡಿದು ರೂಮಲ್ಲೇ ಸತ್ತನಂತೆ ಎಂದರು. ಸಮೀಕ್ಷಾ ಫೋನಿನಲ್ಲಿ, "ಅಣ್ಣಾ, ಅವ್ರು ಬಿದ್ದದ್ದು ಎಲ್ಲಿ? ಅಷ್ಟು ಹೇಳಿ ಸಾಕು," ಎಂದು ಕೇಳಿದಳು. ಬಾಯಿ ಬಿಟ್ಟರೆ ವೀಸಾ ಹೋಗುತ್ತದೆಂದು ದೂಮಪ್ಪ ಹೆದರಿದ. "ನಂಗೆ ಗೊತ್ತಿಲ್ಲಮ್ಮ," ಎಂದು ಫೋನಿಟ್ಟು, ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಆಮೇಲೆ ಒಂದು ಚಿತ್ರ ಬರೆದ. ಹುಲಿವೇಷದಲ್ಲಿ ಹುಲಿ ಹುಲ್ಲಿನ ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ತಲೆಯ ಮೇಲಿಂದ ಹಿಂದಕ್ಕೆಸೆಯುತ್ತದಲ್ಲ, ಅದೇ. ಕವರಾಲ್ ಹುಲಿ ನಗುತ್ತಾ ಮುಡಿ ಎತ್ತಿದೆ. ಮುಡಿಯಿಂದ ಎರಡು ಪಾದ ಹೊರಗೆ ಇಣುಕಿವೆ, ಒಂದಕ್ಕೆ ಕೆಂಪು ಸಾಕ್ಸ್, ಒಂದಕ್ಕೆ ಹಸಿರು. ಮೇಲೆ ಕಪ್ಪು ಕನ್ನಡಕದ ಸೂರ್ಯ ಹಲ್ಲು ಕಿರಿಯುತ್ತಿದ್ದಾನೆ. ಅವನ ಕೈಗಡಿಯಾರದಲ್ಲಿ ಗಂಟೆ ಒಂದು.

ನಮ್ಮ ಊರವರ ಸಂಘದ ಕೂಟದಲ್ಲಿ ಅದನ್ನಿಟ್ಟಾಗ ಮಕ್ಕಳು ಮುಗಿಬಿದ್ದು ಸೆಲ್ಫಿ ತೆಗೆದರು. ದೂಮಪ್ಪನ ಕಂಪೆನಿಯ ವೆಲ್‌ಫೇರ್ ಆಫೀಸರ್ ಗ್ಲಾಡ್ವಿನ್, ಮಂಗಳೂರಿನವನೇ, ಹೊಟ್ಟೆ ಹಿಡಿದು ನಕ್ಕ.

"ಮುಡಿಯೊಳಗೆ ಜನ! ಎಂತ ಕಾಮಿಡಿ ದೂಮಪ್ಪಣ್ಣ! ನಮ್ಮ ಕ್ಯಾಲೆಂಡರಿಗೆ ಕೊಡಿ."

ಕಂಪೆನಿಯ ಹೆಣವನ್ನು ಕಂಪೆನಿಯ ಕ್ಯಾಲೆಂಡರಿನಲ್ಲೇ! ನನ್ನ ಮೈ ಉರಿಯಿತು. ಗ್ಲಾಡ್ವಿನ್ನನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ದೂಮಪ್ಪ ತಣ್ಣಗೆ, "ಆಗ್ಲಿ ಸರ್. ಆದ್ರೆ ಆಗಸ್ಟ್ ಪೇಜಿಗೆ ಹಾಕಿ," ಎಂದ.

ಗಲ್ಫಿನಿಂದ ರಜೆಗೆ ಹೋಗುವ ನಮ್ಮವರ ಪೆಟ್ಟಿಗೆಯಲ್ಲಿ ಕಂಪೆನಿ ಕ್ಯಾಲೆಂಡರ್ ಇರಲೇಬೇಕು. ಇಲ್ಲದಿದ್ದರೆ ನೆರೆಮನೆಯವರು ಮುಖ ಊದಿಸಿಕೊಳ್ಳುತ್ತಾರೆ. ದೂಮಪ್ಪ ನೆಚ್ಚಿದ್ದು ಅದನ್ನೇ. ಡಿಸೆಂಬರಿನಲ್ಲಿ ಕಾರ್ಕಳಕ್ಕೆ ಹೊರಟವನೊಬ್ಬನ ಕೈಯಲ್ಲಿ ಸಮೀಕ್ಷಾಳ ಮನೆಗೂ ಒಂದು ಕಳಿಸಿದ.

ಜನವರಿಯಲ್ಲಿ ಹೆಡ್ ಆಫೀಸಿನ ಯಾರದೋ ಕಣ್ಣು ಸೂರ್ಯನ ಕೈಗಡಿಯಾರದ ಮೇಲೆ ಬಿತ್ತು. ಗ್ಲಾಡ್ವಿನ್ ಬೆವರುತ್ತಾ ನಮ್ಮ ಫ್ಲ್ಯಾಟಿಗೆ ಬಂದ.

"ಆಗಸ್ಟ್ ಯಾಕೇಂತ ಈಗ ಗೊತ್ತಾಯ್ತು. ನನ್ನ ಕೆಲಸಕ್ಕೂ ಕಲ್ಲು ಹಾಕಿದಿರಿ. ನಿಮ್ಮ ವೀಸಾ ಕ್ಯಾನ್ಸಲ್. ಖಲಾಸ್!"

ಕ್ಯಾಂಪಿನ ಕ್ಯಾಲೆಂಡರುಗಳನ್ನೆಲ್ಲ ಕಿತ್ತು ಒಯ್ದರು. ಊರು ಸೇರಿದ್ದನ್ನು ಕೀಳುವುದು ಅವರ ಅಪ್ಪನಿಂದಲೂ ಆಗದು.

ದೂಮಪ್ಪ ಪೆಟ್ಟಿಗೆ ಕಟ್ಟುತ್ತಿದ್ದಾಗ ಸಮೀಕ್ಷಾಳ ಫೋನ್ ಬಂತು. ಅವನು ಸ್ಪೀಕರ್ ಹಾಕಿದ. 

"ಸಾಕ್ಸ್ ಅವರದ್ದೇ ಅಲ್ವಾ ಅಣ್ಣಾ?"

"ಹೌದಮ್ಮ."

"ಒಂದು ಗಂಟೆಗಾ?"

"ಒಂದು ಗಂಟೆಗೆ. ತಾರಸಿ ಮೇಲೆ, ಬಿಸಿಲಲ್ಲಿ. ಕೆಲಸ ಮಾಡ್ತಾ ಇದ್ದ. ಕುಡಿದಿರ್ಲಿಲ್ಲ. ಯಾರು ಕೇಳಿದ್ರೂ ದೂಮಪ್ಪ ನೋಡಿದ್ದಾನೆ ಅಂತ ಹೇಳು."

ಅವಳು ಅತ್ತಳು. ನಾನೂ ಅತ್ತೆ, ನಾಚಿಕೆಯೇನು? ಆ ಕಡೆ ಪುಟ್ಟ ಮಗುವೊಂದು ಕಿಲಕಿಲ ನಗುವುದು ಕೇಳಿಸಿತು.

"ಮಗ ಅಣ್ಣಾ. ಇವತ್ತು ಈ ಆಗಸ್ಟ್ ಪೇಜ್ ತೆಗೆದದ್ದೇ, ಹುಲಿ ನೋಡಿ ಬೆಳಿಗ್ಗೆಯಿಂದ ನಗ್ತಾ ಇದ್ದಾನೆ. ಆ ಕಾಲು ತೋರಿಸಿ ತೋರಿಸಿ ನಗ್ತಾನೆ. ನಾನೆಂತ ಮಾಡ್ಲಿ?"

ದೂಮಪ್ಪ ಕೈಯಲ್ಲಿದ್ದ ಬ್ರಶ್ಶುಗಳನ್ನು ಪೆಟ್ಟಿಗೆಯಲ್ಲಿಟ್ಟ.

"ಈಗ ನಗ್ಲಿ ಬಿಡಮ್ಮ. ಕ್ಯಾಲೆಂಡರ್ ಬಿಸಾಡ್ಬೇಡ. ಮುಂದೆ ಗಡಿಯಾರ ನೋಡ್ಲಿಕ್ಕೆ ಕಲೀತಾನಲ್ಲ."