ಮೇಡಂ ಕೈಗೆ ಸಿಕ್ಕ ಜಾತಕ

ಯಲಹಂಕದಿಂದ ಯಶವಂತಪುರದವರೆಗೆ ಪ್ರಿಂಟರ್‌ಗಳು ನನ್ನ ಚಪ್ಪಲಿ ಸದ್ದು ಕೇಳಿದ್ರೇ ಸಾಕು, ಕಾಗದ ಉಗುಳ್ತವೆ ಕಣ್ರೀ. ಒಂದು ಆಫೀಸಿನವು ಮಾತ್ರ ಜಗ್ಗಲಿಲ್ಲ.

ಅಲ್ಲಿರೋದು ಜೋಡಿ ಸರ್ವರ್. ಒಂದು ಮಲಗಿದರೆ ಇನ್ನೊಂದು, ಒಳ್ಳೇ ಓರಗಿತ್ತಿ ಥರ, ಕೆಲಸವನ್ನೆಲ್ಲ ವಹಿಸ್ಕೊಳ್ಳುತ್ತೆ. ಅಪ್‌ಡೇಟ್ ಆದಮೇಲೆ ಮೊದಲನೆಯದು ಮಲಗಿ, ಎರಡನೆಯದು ವಹಿಸಿಕೊಂಡಿತ್ತು, ಆದರೆ ಅದರಲ್ಲಿ ಪ್ರಿಂಟರ್ ನಡೆಸೋ ಡ್ರೈವರ್ ಸಾಫ್ಟ್‌ವೇರೇ ಇರಲಿಲ್ಲ. ಎಲ್ಲರ ಪ್ರಿಂಟೂ ಸಾಲಲ್ಲಿ ನಿಂತಿತ್ತು.

ನಾನು ಡ್ರೈವರ್ ಹಾಕೋಕೆ ಕೂತಾಗ ಅಕೌಂಟ್ಸ್‌ನ ಮಂಜುನಾಥ ಕಿವಿಯಲ್ಲಿ ಪಿಸುಗುಟ್ಟಿದ. "ಅಂಕಲ್, ಆ ಸಾಲಲ್ಲಿ ನನ್ನ ಜಾತಕ ಇದೆ. ಸಂಜೆ ಚಿಕ್ಕಬಾಣಾವರದ ಹುಡುಗಿ ಮನೆಗೆ ಕೊಡ್ಬೇಕಿತ್ತು. ಈಗ ಮ್ಯಾನೇಜರ್ ಮೇಡಂ ಪ್ರಿಂಟರ್ ಪಕ್ಕದಲ್ಲೇ ಕೂತಿದ್ದಾರೆ. ಆಫೀಸ್ ಕಾಗದದಲ್ಲಿ ಸ್ವಂತದ್ದು ನೋಡಿದ್ರೆ ಎಲ್ಲರೆದುರು ಮಾನ ಕಳೀತಾರೆ."

"ನಾನಿದ್ದೂ ಹೆದರ್ತೀಯೇನೋ?" ಅಂದು, ಕಣ್ಣಿಗೆ ಬಿದ್ದ ಒಂದು ಜಾತಕವನ್ನ ಸಾಲಿನಿಂದ ಅಳಿಸಿ, ಡ್ರೈವರ್ ಹಾಕಿದೆ. ಪ್ರಿಂಟರ್ ಗರ್ಜಿಸಿತು. ಒಂದು ಬಿಲ್ಲು, ಒಂದು ಜಾತಕ, ಮತ್ತೆ ಜಾತಕ, ಮತ್ತೂ ಜಾತಕ! ಪ್ರಿಂಟ್ ಬರ್ಲಿಲ್ಲ ಅಂತ ಪುಣ್ಯಾತ್ಮ ಬಟನ್ ಒತ್ತುತ್ತಲೇ ಇದ್ದನಂತೆ.

ಮೇಡಂ ಒಂದನ್ನೆತ್ತಿ ಕನ್ನಡಕ ಏರಿಸಿದರು. "ಯಾರ್ರೀ ಇದು, ರೋಹಿಣಿ ನಕ್ಷತ್ರ?"

ಮಂಜುನಾಥ ನನ್ನ ಬೆನ್ನ ಹಿಂದಿಂದ ಕೈ ಎತ್ತಿದ.

"ಕುಜ ದೋಷ ಇಲ್ವಲ್ಲೋ! ನಮ್ಮಕ್ಕನ ಮಗಳಿಗೆ ಇಂಥದ್ದನ್ನೇ ಹುಡುಕ್ತಿದ್ವಿ. ಒಂದು ಕಾಪಿ ನಂಗಿರಲಿ."

ಚಿಕ್ಕಬಾಣಾವರದವರಿಗೆ ಜಾತಕ ಕೂಡಲಿಲ್ಲ, ಮೇಡಂ ಕಡೆಗೆ ಕೂಡಿತು. ಮೊನ್ನೆ ಮದುವೆ ಊಟ ಉಂಡು ಕೈ ತೊಳೀತಿದ್ದೆ. ಆ ಆಫೀಸಿನ ಬ್ರಹ್ಮಚಾರಿಗಳೆಲ್ಲ ಸುತ್ತುವರಿದು ಕೇಳಿದರು: "ಅಂಕಲ್, ಮುಂದಿನ ಅಪ್‌ಡೇಟ್ ಯಾವಾಗ?"