ಮೂರನೇ ತಟ್ಟೆಯ ಹೆಸರು

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಶಕುನ, ಪವಾಡ ಇವು ಯಾವುದನ್ನೂ ನಾನು ನಂಬಿದವಳಲ್ಲ. ಮನೆಯಲ್ಲಿ ಯಾರಾದರೂ ಅಂಥ ಕಥೆ ಶುರು ಮಾಡಿದರೆ, ‘ಸಾಕು, ಕಾಫಿ ಆರ್ತಿದೆ, ಕುಡೀರಿ’ ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನೇ. ಈಗ ಅಂಥದೊಂದನ್ನು ಬರೆಯಲು ನಾನೇ ಕೂತಿದ್ದೇನೆಂದು ನೀವು ನಕ್ಕರೆ ನನಗೆ ಬೇಸರವಿಲ್ಲ. ಪೂರ್ತಿ ಓದಿ ಆಮೇಲೆ ನಗಿ, ಅಷ್ಟೇ.

ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಜೆ.ಪಿ. ನಗರದ ಒಂದು ಬಂಜೆತನ ನಿವಾರಣಾ ಕ್ಲಿನಿಕ್ಕಿನ ಲ್ಯಾಬಿನಲ್ಲಿ ನಾನು ಕೆಲಸಕ್ಕಿದ್ದೆ. ಪ್ರನಾಳ ಶಿಶು ಅನ್ನುತ್ತಾರಲ್ಲ, ಅದು ನಮ್ಮ ಕೆಲಸ. ಹೆಂಗಸಿನ ಅಂಡವನ್ನೂ ಗಂಡಸಿನ ವೀರ್ಯವನ್ನೂ ಪುಟ್ಟ ತಟ್ಟೆಯೊಂದರಲ್ಲಿ ಕೂಡಿಸಿ, ಭ್ರೂಣವಾಗುವುದನ್ನು ಕಾದು, ಮೂರನೇ ದಿನ ಡಾಕ್ಟರ ಕೈಗೆ ಒಪ್ಪಿಸಬೇಕು. ಅವರು ಅದನ್ನು ತಾಯಿಯ ಗರ್ಭಕ್ಕೆ ಸೇರಿಸುತ್ತಾರೆ. ನನಗೆ ಜಂಬವಿತ್ತು, ಇಲ್ಲ ಅನ್ನುವುದಿಲ್ಲ. ನನ್ನ ಕೈ ನಡುಗುತ್ತಿರಲಿಲ್ಲ, ಭ್ರೂಣದ ಕೋಶ ಎಣಿಸುವಾಗ ಕಣ್ಣು ಮೋಸಹೋಗುತ್ತಿರಲಿಲ್ಲ. ‘ಈ ಹುಡುಗಿ ಒಂದ್ ಸಲ ಎಣಿಸಿದ್ರೆ ಮುಗೀತು ಕಣ್ರೀ’ ಎಂದು ನಮ್ಮ ಡಾಕ್ಟರು ಹೊರಗಿನವರ ಮುಂದೆ ಹೇಳಿದಾಗ ಒಂದು ವಾರ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬೆಳೆಯದೆ ನಿಂತುಹೋದ ಭ್ರೂಣಗಳನ್ನು ಎಸೆಯುವುದೂ ನನ್ನದೇ ಕೆಲಸವಾಗಿತ್ತು. ಅದಕ್ಕೊಂದು ನಿಯಮವಿತ್ತು. ಒಬ್ಬರದು ಇನ್ನೊಬ್ಬರದಕ್ಕೆ ಬೆರೆತುಹೋಗಬಾರದಲ್ಲ, ಅದಕ್ಕೆ ತಟ್ಟೆಯ ಮೇಲಿನ ತಾಯಿಯ ಹೆಸರನ್ನೂ ನಂಬರನ್ನೂ ನಾನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳಿಸಿಕೊಂಡು ಪುಸ್ತಕದಲ್ಲಿ ಸಹಿ ಹಾಕಬೇಕು. ಸಹಿ ಹಾಕುತ್ತಿದ್ದವರು ನರ್ಸ್ ಫಿಲೋಮಿನಾ ಸಿಸ್ಟರ್. ಹೆಸರನ್ನು ಕೇಳಿಸಿಕೊಂಡು, ಸಹಿ ಹಾಕಿ, ನಾನು ಎಸೆಯುವಾಗ ಮಾತ್ರ ಬೆನ್ನು ತಿರುಗಿಸಿ ನಿಂತು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು.

ಒಮ್ಮೆ ಇದರ ಬಗ್ಗೆ ಕ್ಲಿನಿಕ್ಕಿನಲ್ಲಿ ಸಭೆಯೇ ನಡೆಯಿತು. ಭ್ರೂಣ ಒಬ್ಬ ವ್ಯಕ್ತಿಯೋ ಅಲ್ಲವೋ? ಬಂದಿದ್ದ ವಕೀಲರು, ಹೊಟ್ಟೆಯಲ್ಲಿರುವ ಮಗುವಿಗೆ ಅಪ್ಪನ ಆಸ್ತಿಯಲ್ಲಿ ಪಾಲುಂಟು, ಆದರೆ ಅದು ಜೀವಂತವಾಗಿ ಹುಟ್ಟಬೇಕು, ತಟ್ಟೆಯಲ್ಲಿರುವುದರ ಬಗ್ಗೆ ನಮ್ಮ ಕಾನೂನು ಇನ್ನೂ ಬಾಯಿ ಬಿಟ್ಟಿಲ್ಲ ಎಂದರು. ಶಾಸ್ತ್ರ ಓದಿಕೊಂಡಿದ್ದ ಹಿರಿಯರೊಬ್ಬರು, ಜೀವ ಬಂದು ಸೇರುವುದು ಎಷ್ಟೋ ತಿಂಗಳಾದ ಮೇಲೆ ಎಂದರು. ‘ಕೂಡಿದ ಗಳಿಗೆಯಿಂದಾನೇ ಅದು ಮನುಷ್ಯ, ನಮ್ಮ ಚರ್ಚಲ್ಲಿ ಹಾಗೇ ಹೇಳೋದು’ ಎಂದರು ಫಿಲೋಮಿನಾ ಸಿಸ್ಟರ್. ನಾನು ಎದ್ದು ನಿಂತು, ‘ನೀವೆಲ್ಲ ಪುಸ್ತಕ ನೋಡಿ ಹೇಳ್ತಿದ್ದೀರ. ನಾನು ದಿನಾ ಕಣ್ಣಾರೆ ನೋಡ್ತೀನಿ ಸಾರ್. ಅದು ಜೀವಕೋಶ, ಅಷ್ಟೇ’ ಎಂದೆ. ಒಂದಿಬ್ಬರು ಚಪ್ಪಾಳೆ ತಟ್ಟಿದರು.

ಆ ಸಭೆಯಾಗಿ ಕೆಲವೇ ವಾರಕ್ಕೆ ಪಾರ್ವತವ್ವ ಬಂದರು. ಬಾಗಲಕೋಟೆ ಕಡೆಯ ಲಿಂಗಾಯತರು, ಮಗ ಜಯನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ, ಮನೆ ಗಿರಿನಗರದಲ್ಲಿ. ಸೊಸೆ ಸುವರ್ಣಾಗೆ ಮೂವತ್ತೊಂಬತ್ತು ವರ್ಷ. ಎರಡು ಸಲದ ಪ್ರಯತ್ನ ಮಣ್ಣುಪಾಲಾಗಿತ್ತು. ಇದೇ ಕೊನೆ, ಇನ್ನು ಆಕೆಯಿಂದ ಅಂಡ ತೆಗೆಯುವುದು ಆಗದ ಮಾತು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಈ ಸಲ ಆಗಿದ್ದವು ಮೂರೇ ಭ್ರೂಣ, ಮೂರು ತಟ್ಟೆ.

ಎರಡನೇ ದಿನ ಪಾರ್ವತವ್ವ ಲ್ಯಾಬಿನ ಬಾಗಿಲಿಗೇ ಬಂದು ನಿಂತರು. ಹಣೆತುಂಬ ವಿಭೂತಿ, ಇಳಕಲ್ ಸೀರೆ.

‘ಯವ್ವಾ, ನಮ್ಮ ಕೂಸು ಒಳಗ ಐತೇನ? ತಟ್ಟಿ ಮ್ಯಾಲೆ ಏನ್ ಹೆಸರ ಬರದೀರಿ?’

‘ಸುವರ್ಣಾ ಅಂತ. ನಿಮ್ಮ ಸೊಸೆ ಹೆಸರೇ.’

‘ಅವ್ವನ ಹೆಸರ ಹಿಡದ ಕರದ್ರ ಕೂಸಿಗೆ ಹೆಂಗ ತಿಳೀಬೇಕ? ಗಂಡಾದ್ರ ಬಸವರಾಜ, ಹೆಣ್ಣಾದ್ರ ಬಸವ್ವ. ಈಗ ಬಸು ಅಂತ ಕರೀರಿ, ಸಾಕು.’

ಹಿಂದೆಯೇ ಬಂದ ಡಾಕ್ಟರು, ‘ಕೂಸು ಹುಟ್ಟೋಕ್ ಮುಂಚೆ ಕುಲಾವಿ ಅಂದ್ರೆ ಇದೇ ನೋಡಿ’ ಎಂದು ನಕ್ಕರು. ಪಾರ್ವತವ್ವನ ಮುಖದಲ್ಲಿ ನಗು ಬರಲಿಲ್ಲ. ‘ಎಂಟನೇ ತಿಂಗಳಿಗೆ ಹೊಟ್ಟ್ಯಾಗಿನ ಕೂಸಿಗೆ ಲಿಂಗಾ ಕಟ್ಟತೀವ್ರಿ ನಾವು. ಹುಟ್ಟೂತನಕ ಅವ್ವನ ಕೊಳ್ಳಾಗ ಎರಡ ಲಿಂಗ ಇರತಾವ, ಒಂದ ತನ್ನದು, ಒಂದ ಕೂಸಿಂದು. ಒಳಗ ಯಾರೂ ಇಲ್ಲಂದ್ರ ನಾವು ಕಟ್ಟೂದು ಯಾರಿಗ್ರಿ?’ ಎಂದರು. ನಾನು ಬಾಗಿಲು ಹಾಕಿಕೊಂಡು ಒಳಗೆ ಹೋದೆ.

ಮೂರನೇ ದಿನದ ಮಧ್ಯಾಹ್ನಕ್ಕೆ ಎರಡು ತಟ್ಟೆಯ ಭ್ರೂಣಗಳು ಪುಡಿಪುಡಿಯಾಗಿ ಹೋಗಿದ್ದವು. ಮೂರನೆಯದು ಹಿಂದಿನ ದಿನ ನಾಲ್ಕು ಕೋಶಕ್ಕೆ ಬಂದಿದ್ದು ಅಲ್ಲಿಗೇ ನಿಂತಿತ್ತು. ಅಷ್ಟು ಹೊತ್ತಿಗೆ ಎಂಟಾಗಬೇಕಿತ್ತು. ಎರಡೆರಡು ಸಲ ನೋಡಿದೆ. ನಾಲ್ಕೇ. ಬಣ್ಣವೂ ಮಂಕು. ಡಾಕ್ಟರಿಗೆ ಹೇಳಿದೆ. ‘ಪಾಪ. ಎಲ್ಲಾ ಎಸೆದುಬಿಡಮ್ಮ, ಸಂಜೆ ಅವರಿಗೆ ನಾನೇ ಹೇಳ್ತೀನಿ’ ಎಂದು ಊಟಕ್ಕೆ ಹೊರಟರು. ಕೆಳಗೆ ಬೆಂಚಿನ ಮೇಲೆ ಅತ್ತೆ ಸೊಸೆ ಕೈ ಕೈ ಹಿಡಿದು ಕೂತಿದ್ದು ನನಗೆ ಗೊತ್ತಿತ್ತು. ಆದರೂ ಕೆಲಸ ಕೆಲಸವೇ.

ಸಿಸ್ಟರನ್ನು ಕರೆದೆ. ಲ್ಯಾಬಿನ ಬಾಗಿಲು ಹಾಕಿತ್ತು, ಒಳಗೆ ನಾವಿಬ್ಬರೇ. ಮೊದಲನೇ ತಟ್ಟೆ ಓದಿದೆ: ‘ಸುವರ್ಣಾ, ಒಂದು.’ ಎಸೆದೆ. ‘ಸುವರ್ಣಾ, ಎರಡು.’ ಎಸೆದೆ. ಮೂರನೆಯದನ್ನು ಕೈಗೆತ್ತಿಕೊಂಡಾಗ, ಆ ಮುದುಕಿಯ ಮಾತು ತಲೆಯಲ್ಲಿ ಕೂತಿತ್ತೋ ಏನೋ, ನಾಲಿಗೆ ಜಾರಿತು. ‘ಬಸು’ ಎಂದುಬಿಟ್ಟೆ.

‘ಓ’ ಎಂಬ ದನಿ ಕೇಳಿಸಿತು.

ಅಡುಗೆಮನೆಯಲ್ಲಿರುವವರನ್ನು ನಡುಮನೆಯಿಂದ ಕರೆದರೆ ಓಗೊಡುತ್ತಾರಲ್ಲ, ಅಂಥ ಮಾಮೂಲಿ ‘ಓ’. ಹೆದರಿಸುವಂಥದ್ದೇನೂ ಅದರಲ್ಲಿರಲಿಲ್ಲ. ಗಂಡಸಿನದೋ ಹೆಂಗಸಿನದೋ ಮಗುವಿನದೋ ಇವತ್ತಿಗೂ ಹೇಳಲಾರೆ. ಸಿಸ್ಟರ್ ತಮಾಷೆ ಮಾಡಿದರೆಂದುಕೊಂಡೆ.

‘ಏನ್ ಸಿಸ್ಟರ್, ಇದೆಲ್ಲಾ ಆಟ ಆಡೋ ವಿಷಯಾನಾ?’

ಅವರು ಪೆನ್ನು ಹಿಡಿದವರು ಹಾಗೇ ನಿಂತಿದ್ದರು. ‘ನಾನೇನು ಮಾಡ್ದೆ ಮೇಡಂ? ನೀವೇ ಕರೆದ್ರಿ, ನೀವೇ ಓ ಅಂದ್ರಲ್ಲ?’

ನಾನು ಅಂದಿರಲಿಲ್ಲ. ಅವರೂ ಅಂದಿರಲಿಲ್ಲ. ಬಾಗಿಲು ತೆಗೆದು ನೋಡಿದೆ, ಹೊರಗೆ ಯಾರೂ ಇರಲಿಲ್ಲ. ವಾಪಸು ಬಂದು ತಟ್ಟೆಯನ್ನು ಮತ್ತೆ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಅದೇ ನಾಲ್ಕು ಕೋಶ, ಅದೇ ಮಂಕು, ಕೂದಲೆಳೆಯಷ್ಟೂ ಬದಲಾವಣೆ ಇಲ್ಲ. ಅದನ್ನು ತಟ್ಟೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಒಳಗಿಟ್ಟು ಬಾಗಿಲು ಮುಚ್ಚಿದೆ. ಸಿಸ್ಟರ್ ಮೂರನೆಯದಕ್ಕೆ ಸಹಿ ಹಾಕದೆ ಪುಸ್ತಕ ಮಡಿಚಿದರು.

ಡಾಕ್ಟರಿಗೆ ಏನು ಹೇಳುವುದು? ತಟ್ಟೆ ಓ ಎಂದಿತು ಎನ್ನಲೇ? ‘ಸಾರಿ ಸಾರ್, ಮೂರನೇದನ್ನ ತಪ್ಪಾಗಿ ಎಣಿಸಿದ್ದೆ. ಇನ್ನೂ ಬೆಳೀತಿರೋ ಹಾಗಿದೆ, ನಾಳೆವರೆಗೂ ಬಿಡೋಣ’ ಎಂದೆ. ‘ನೀನು ತಪ್ಪು ಎಣಿಸಿದ್ಯಾ?’ ಎಂದರು. ಹೂಂ ಎಂದೆ. ನನ್ನ ಕೈಯಾರೆ ಪುಸ್ತಕದಲ್ಲಿ ‘ಎಣಿಕೆ ತಪ್ಪು’ ಎಂದು ಬರೆದು ಸಹಿ ಹಾಕಿದೆ. ಆ ಕೆಲಸದಲ್ಲಿದ್ದಷ್ಟು ವರ್ಷವೂ ನನ್ನ ಹೆಸರಿನಲ್ಲಿ ಬಿದ್ದ ತಪ್ಪು ಅದೊಂದೇ, ಅದೂ ಸುಳ್ಳು. ನಾನು ಸರಿಯಾಗಿ ಮಾಡಿದ ಎಷ್ಟೋ ಕೆಲಸಕ್ಕಿಂತ ಆ ಸುಳ್ಳಿನ ಬಗ್ಗೆ ನನಗೆ ಹೆಚ್ಚು ಹೆಮ್ಮೆ.

ಮರುದಿನ ಬೆಳಿಗ್ಗೆ ನೋಡಿದರೆ ಎಂಟು ಕೋಶ! ನಿಂತಂತೆ ಕಂಡ ಭ್ರೂಣ ತಡವಾಗಿ ಬೆಳೆಯುವುದು ಅಪರೂಪಕ್ಕೆ ಉಂಟು, ಅದರಲ್ಲಿ ಪವಾಡವೇನೂ ಇಲ್ಲ ಎಂದು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಅವತ್ತೇ ಡಾಕ್ಟರು ಅದನ್ನು ಸುವರ್ಣಾಳ ಗರ್ಭಕ್ಕೆ ಸೇರಿಸಿದರು. ಗರ್ಭ ನಿಂತಿತು.

ಎಂಟನೇ ತಿಂಗಳಲ್ಲಿ, ಲಿಂಗ ಕಟ್ಟುವ ದಿನ ಗಿರಿನಗರದ ಮನೆಗೆ ಬರಬೇಕೆಂದು ನನಗೆ ಕರೆ ಬಂತು. ಸುವರ್ಣಾ ಮಣೆಯ ಮೇಲೆ ಕೂತಿದ್ದಳು, ಅಯ್ಯನವರು ಪುಟ್ಟ ಲಿಂಗವೊಂದಕ್ಕೆ ಪೂಜೆ ಮಾಡುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಪಾರ್ವತವ್ವ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಸೊಸೆಯ ಪಕ್ಕದಲ್ಲೇ ಕೂರಿಸಿದರು. ‘ಅಯ್ಯಾರ, ನಮ್ಮ ಕೂಸಿನ್ನ ಎಲ್ಲಾರಕಿಂತ ಮೊದಲ ನೋಡಿದಾಕಿ ಈಕಿ’ ಎಂದರು. ಮನೆತುಂಬ ಇದ್ದ ಜನ ನನ್ನ ಕಡೆ ತಿರುಗಿದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಷ್ಟು ಎದೆಯುಬ್ಬಿಸಿ ನಾನು ಯಾವತ್ತೂ ಕೂತಿರಲಿಲ್ಲ. ಕಣ್ಣಲ್ಲಿ ನೀರು ನಿಲ್ಲಲೇ ಇಲ್ಲ. ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು. ಬಸವ್ವ. ಲ್ಯಾಬಿನಲ್ಲಿ ಆದದ್ದನ್ನು ನಾನಾಗಲಿ ಫಿಲೋಮಿನಾ ಸಿಸ್ಟರಾಗಲಿ ಅವರಿಗೆ ಹೇಳಲಿಲ್ಲ.

ಆಮೇಲೂ ಬಹಳ ವರ್ಷ ಅದೇ ಕೆಲಸ ಮಾಡಿದೆ. ಎಸೆಯುವ ಮುಂಚೆ ತಟ್ಟೆಯ ಮೇಲಿದ್ದ ಹೆಸರು ಓದಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕಾಯುತ್ತಿದ್ದೆ. ಸಿಸ್ಟರೂ ಕಾಯುತ್ತಿದ್ದರು. ಒಂದು ಸಲವೂ ಯಾರೂ ಓ ಎನ್ನಲಿಲ್ಲ. ಅಲ್ಲಿ ಯಾರೂ ಇರಲಿಲ್ಲ, ಅದಕ್ಕೇ ಅನ್ನಲಿಲ್ಲ ಎಂದು ನಾನು ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಆದರೆ ನಾನು ಓದಿದ್ದೆಲ್ಲ ತಾಯಂದಿರ ಹೆಸರು. ಬಸುವನ್ನು ಕರೆದಂತೆ, ಅವುಗಳದೇ ಹೆಸರು ಹಿಡಿದು ಒಂದು ಭ್ರೂಣವನ್ನೂ ಕರೆದು ನೋಡಲಿಲ್ಲ.