ಕಾಕು ಬರೆದ ಮೀಸೆ

ಮೊನ್ನೆ ನಾಂಪಲ್ಲಿ ಎಕ್ಸಿಬಿಷನ್ನಿನಲ್ಲಿ ರಂಗೋಲಿ ಬಣ್ಣದ ಅಂಗಡಿ ಮುಂದೆ ನಿಂತಿದ್ದೆ. ಗುಲಾಬಿ ಪುಡಿ ಮೂಗಿಗೆ ಹೊಕ್ಕು ಭರ್ಜರಿ ಸೀನು ಬಂತು ನೋಡಿ, ಅದರ ಬೆನ್ನಿಗೇ ನಮ್ಮ ಎದುರುಮನೆ ಕಾಕು ನೆನಪಾದರು...

ದಿಲ್‌ಸುಖ್‌ನಗರದ ನಮ್ಮ ಗಲ್ಲಿಯಲ್ಲಿ ವಿಜಾಪುರ ಕಡೆಯವರೆಂದರೆ ನಾವು ಮತ್ತು ಅವರು. ನಡುವೆ ಮುಚ್ಚಳವಿಲ್ಲದ ಮ್ಯಾನ್‌ಹೋಲ್. ಒಂದು ಮಳೆಗಾಲ ಕಾಕುವಿನ ಗಂಡ, ನಮ್ಮ ಕಾಕಾ, ಅದರೊಳಗೆ ಕಾಲಿಟ್ಟು ಬಿದ್ದರು. ಮುರಿದ ಕಾಲು ಕೂಡಿತು, ಆದರೆ ಹೆದರಿಕೆ ಹೋಗಲಿಲ್ಲ. ದಿನಾ ಇರಾನಿ ಹೋಟೆಲಿಗೆ ಚಹಾಕ್ಕೆ ಹೋಗುತ್ತಿದ್ದ ಮನುಷ್ಯ ಕಿಟಕಿ ಬಿಟ್ಟು ಏಳದಂತಾದರು. ಅವರನ್ನು ಮತ್ತೆ ಬೀದಿಗಿಳಿಸಬೇಕೆಂದು ಕಾಕು ಆಫೀಸು ಆಫೀಸು ಅಲೆದರು. ಎಲ್ಲರೂ ಆಗಲಿ ಅಮ್ಮಾ ಅಂದರು, ಮುಚ್ಚಳ ಮಾತ್ರ ಬರಲಿಲ್ಲ.

"ಕಿವಿಗೆ ಹೇಳಿ ಹೇಳಿ ಸಾಕಾಗೇತಿ. ಇನ್ನ ಕಣ್ಣಿಗೇ ಹೇಳ್ತೀನಿ," ಅಂದರು ಒಂದು ದಿನ.

ಮರುದಿನದಿಂದ ಗುಂಡಿಯ ಸುತ್ತ ರಂಗೋಲಿ ಶುರುವಾಯಿತು. ಒಮ್ಮೆ ಮೊಸಳೆ, ಒಮ್ಮೆ ಬಕಾಸುರ. ಬಾಯಿ ಮಾತ್ರ ಯಾವಾಗಲೂ ಅದೇ ಗುಂಡಿ. ಕೆಳಗೆ ತೆಲುಗಿನಲ್ಲಿ, ನಮ್ಮ ವೋಟು ಇಲ್ಲಿ ಬಿತ್ತು ಎಂಬ ಸಾಲು. ರಂಗೋಲಿ ತುಳಿಯಲು ಯಾರಿಗೆ ಮನಸ್ಸು ಬರುತ್ತದೆ? ಬೈಕಿನವರೂ ಇಳಿದು, ನಕ್ಕು, ಗೋಡೆ ಬದಿಯಿಂದ ತಳ್ಳಿಕೊಂಡು ಹೋಗುತ್ತಿದ್ದರು.

ಅಷ್ಟರಲ್ಲಿ ಚುನಾವಣೆ ಬಂತು. ಲೀಡರ್ ಬರುವ ದಿನ ಕಾಕು ಅಕ್ಷರ ಬರೆಯಲಿಲ್ಲ. ಗಲ್ಲಿಯಗಲದ ಒಂದು ಮುಖ, ನಾಮ, ಲೀಡರರದೇ ಗಿರಿಜಾ ಮೀಸೆ, ಸುತ್ತ ಚೆಂಡುಹೂ. ಹಿಂದೆ ಓಡಿ ಬಂದ ಚೇಲಾಗಳು ಮೀಸೆ ಕಂಡದ್ದೇ ತಡ, "ಸಾರ್, ಮೀ ಮುಗ್ಗೇ!" ನಿಮ್ಮದೇ ರಂಗೋಲಿ, ಎಂದು ತೆಲುಗಿನಲ್ಲಿ ಕುಣಿದಾಡಿದರು. ಸ್ವಾಗತದ ರಂಗೋಲಿ ಅಂದುಕೊಂಡರು, ಪಾಪ! ಲೀಡರ್ ಕೈಮುಗಿದು ಪಕ್ಕದಲ್ಲಿ ನಿಂತರು. ಪೂರ್ತಿ ಮುಖ ಬರಲಿ ಎಂದು ಫೋಟೋದವನು ನಮ್ಮ ಟೆರೇಸ್ ಕೇಳಿದ. ನಾನೇ ಖುಷಿಯಿಂದ ಮೇಲೆ ಕರೆದೊಯ್ದೆ.

ಮೇಲಿನಿಂದ ಎಲ್ಲ ಸ್ಪಷ್ಟ... ಗಟಾರದ ಬಾಯಿ ತೆರೆದ ತಮ್ಮದೇ ಮುಖಕ್ಕೆ ಲೀಡರ್ ನಮಸ್ಕಾರ ಮಾಡುತ್ತಿದ್ದರು. ಫೋಟೋದವನು ಅವಸರದಲ್ಲಿ ಎಲ್ಲ ವಾಟ್ಸಾಪ್ ಗ್ರೂಪಿಗೂ ಕಳಿಸಿದ ಮೇಲೆ ಸರಿಯಾಗಿ ನೋಡಿದ. ಸಂಜೆಯೊಳಗೆ ದಿಲ್‌ಸುಖ್‌ನಗರವೇ ಹೊಟ್ಟೆ ಹಿಡಿದು ನಕ್ಕಿತು. ಬೆಳಗಾದರೆ ಮುಚ್ಚಳ ಬಂತು!

ಕಾಕು ಗಂಡನ ಕೈಹಿಡಿದು ಅದರ ಹತ್ತಿರ ಕರೆತಂದರು. ಕಾಕಾ ಕೋಲಿನಿಂದ ಕುಟ್ಟಿ ನೋಡಿದರು, ಆಮೇಲೆ ಅದರ ಮೇಲೆಯೇ ನಿಂತರು.

"ಗಟ್ಟಿ ಐತಿ ಬಿಡ. ಚಾ ಕುಡಿದು ಬರ್ತೀನಿ."

"ಹೋಗಿ ಬರ್ರಿ," ಅಂದ ಕಾಕು, ಕಾಕಾ ತಿರುವು ದಾಟುವ ತನಕ ಗೇಟಿನಲ್ಲೇ ನಿಂತು ಕಣ್ಣೊರೆಸಿಕೊಂಡರು. ಅಷ್ಟು ಗಟ್ಟಿ ಹೆಂಗಸು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈಗ ಇಬ್ಬರೂ ಇಲ್ಲ. ಕಾಕು ಇಲ್ಲದ್ದು ನನಗೆ ಇವತ್ತಿಗೂ ಸಂಕಟವೇ. ಮೆಟ್ರೋ ಬಂದಮೇಲೆ ಹೊಸ ಗುಂಡಿಗಳೂ ಬಂದಿವೆ, ಚುನಾವಣೆಗಳೂ ಬರುತ್ತವೆ. ಗುಂಡಿಗೆ ರಂಗೋಲಿ ಬರೆಯುವವರಿಲ್ಲ, ಲೀಡರುಗಳು ಈಗ ನಮ್ಮ ಗಲ್ಲಿಯಲ್ಲಿ ನೆಲ ನೋಡದೆ ನಡೆಯುತ್ತಾರೆ.